ಟವಲಿನಡಿಯ ಉಗುರು

ಹೋದ ವಾರ ಸೊಸೆ ಕುಕ್ಕರಿನಲ್ಲಿ ಹುರುಳಿ ಇಟ್ಟಿದ್ದಳು. ಸೀಟಿ ಹೊಡೆದ ಮೇಲೆ ಅದರ ವಾಸನೆ ನಡುಮನೆ ದಾಟಿ ಮುಂದಿನ ಕೋಣೆಯ ನನ್ನ ಟೈಲರಿಂಗ್ ಅಂಗಡಿಯವರೆಗೂ ಬಂತು. ಬ್ಲೌಸಿಗೆ ತೋಳು ಕೂಡಿಸುತ್ತಿದ್ದವಳು ಮೆಷಿನ್ ನಿಲ್ಲಿಸಿ ಸುಮ್ಮನೆ ಕುಳಿತೆ. ಸೊಸೆಯ ಪಾಲಿಗೆ ಅದು ಬಸ್ಸಾರಿನ ವಾಸನೆ. ನನ್ನ ಪಾಲಿಗೆ ಎತ್ತಿನ ವಾಸನೆ.

ಬೈರಾಪಟ್ಟಣದ ಆಚೆ ನಮ್ಮ ಸೋದರತ್ತೆಯ ಮನೆ. ಅಲ್ಲಿ ಹಿತ್ತಲ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಹುರುಳಿ ಬೇಯುತ್ತಲೇ ಇರುತ್ತಿತ್ತು. ಅತ್ತೆಯ ಗಂಡ, ಅಂದರೆ ನಮ್ಮ ಮಾವ, ದನದ ದಲ್ಲಾಳಿ. ಸಂತೆಯ ಹಿಂದಿನ ದಿನ ದೂರದೂರದಿಂದ ಎತ್ತು ಹೊಡೆದುಕೊಂಡು ಬಂದವರು ಅವರ ಮನೆ ಮುಂದೆಯೇ ಇಳಿದುಕೊಳ್ಳುತ್ತಿದ್ದರು. ಎತ್ತುಗಳಿಗೆ ಹುರುಳಿ, ಜನಕ್ಕೆ ಮುದ್ದೆ. ಅತ್ತೆ ಗೊಣಗುತ್ತಲೇ ಎರಡನ್ನೂ ಬಡಿಸುತ್ತಿದ್ದರು. ಅವರ ಒಬ್ಬನೇ ಮಗ ನನ್ನ ಭಾವ. ಮುಂದೆ ಸಿನಿಮಾ ನಿರ್ದೇಶಕನಾಗಿ ನಾಡಿನ ಜನವನ್ನೆಲ್ಲ ನಗಿಸಿದವನು. ಚಿಕ್ಕವರಾಗಿದ್ದಾಗ ನಮ್ಮಿಬ್ಬರಿಗೂ ಗಂಟು ಹಾಕುವ ಮಾತು ಮನೆಯಲ್ಲಿ ಓಡಾಡಿತ್ತು. ಸದ್ಯ, ತಪ್ಪಿತು. ಅವನನ್ನು ಕಟ್ಟಿಕೊಂಡವಳು ವರ್ಷದಲ್ಲಿ ಒಂದು ತಿಂಗಳು ನಕ್ಕು, ಹನ್ನೊಂದು ತಿಂಗಳು ಅವನ ದಾರಿ ಕಾದಳು ಎಂದು ಅವಳೇ ಹೇಳುತ್ತಾಳೆ.

ಭಾವನ ಕತೆ ಹೇಳಬೇಕಾದರೆ ಮಾವನ ಟವಲಿನಿಂದಲೇ ಶುರು ಮಾಡಬೇಕು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವ ಹಾಗಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವಲು ತೆಗೆದು ಮಾರುವವನ ಕೈ ಮೇಲೆ ಹೊದಿಸುತ್ತಾನೆ, ಅದರಡಿಯಲ್ಲಿ ಬೆರಳು ಹಿಡಿದು ಬೆಲೆ ಕೇಳುತ್ತಾನೆ. ಆಮೇಲೆ ಕೊಳ್ಳುವವನ ಕೈ. ಸುತ್ತ ನೂರು ಜನ ನಿಂತಿದ್ದರೂ ಒಳಗೆ ನಡೆದದ್ದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಬಾಯಲ್ಲಿ ಮಾತ್ರ ಮಳೆ ಬೆಳೆ, ನೆಂಟರು ಇಷ್ಟರು, "ಮಗಳ ಬಾಣಂತನ ಆಯ್ತಾ?"

ಭಾವ ಹೈಸ್ಕೂಲು ತಪ್ಪಿಸಿಕೊಂಡು ಅಪ್ಪನ ಹಿಂದೆ ಸಂತೆ ಸುತ್ತುತ್ತಿದ್ದ. ಎತ್ತನ್ನು ಒಂದು ದಿನವೂ ನೋಡಿದವನಲ್ಲ. ಅವನು ನೋಡುತ್ತಿದ್ದದ್ದು ಮುಖಗಳನ್ನು. ಮನೆಗೆ ಬಂದು ಜಗುಲಿಯ ಮೇಲೆ ನಿಂತು ಒಬ್ಬೊಬ್ಬರನ್ನೂ ಮಾಡಿ ತೋರಿಸುತ್ತಿದ್ದ. ಬೆಲೆ ಕಮ್ಮಿಯಾಯಿತು ಎಂದು ಒಳಗೆ ಬೆರಳು ಕಿತ್ತುಕೊಳ್ಳುತ್ತಿದ್ದರೂ ಹೊರಗೆ "ಅವ್ವಾರು ಚೆನ್ನಾಗವ್ರಾ?" ಎನ್ನುವ ಗೌಡರು, ಲಾಭ ಸಿಕ್ಕಿದ ಖುಷಿ ತಡೆಯಲಾರದೆ ಕೆಮ್ಮುವ ಸಾಹೇಬರು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮಾವನೂ ಕಂಬಕ್ಕೆ ಒರಗಿ ನಗುತ್ತಿದ್ದರು.

"ನೋಡಮ್ಮಿ," ಎಂದಿದ್ದ ಭಾವ ಒಮ್ಮೆ ನನಗೆ. "ಕೈಯಲ್ಲಿ ಜಗಳ, ಮಕದಲ್ಲಿ ಹಬ್ಬ. ನಗು ಅಂದ್ರೆ ಇಷ್ಟೆಯಾ."

ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ. ಊರಿನ ಪೌರಾಣಿಕ ನಾಟಕದಲ್ಲಿ ಪಾಂಡವರು ಬಟ್ಟೆ ಬದಲಿಸಿಕೊಳ್ಳುವಷ್ಟು ಹೊತ್ತು ಜನವನ್ನು ಹಿಡಿದಿಡುವ ಹಾಸ್ಯದ ಪಾರ್ಟು ಮಾಡಿದ. ಅವನು ಒಳಗೆ ಹೋದ ಮೇಲೆ ಭೀಮ ಬಂದರೂ ಜನ ಅವನನ್ನೇ ಕೂಗಿದರಂತೆ. ಭೀಮನ ಪಾರ್ಟಿನವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಅವನ ಮದುವೆಗೂ ಬರಲಿಲ್ಲ. ನಾಟಕವಾಡಿದ ವರ್ಷವೇ ಬೆಳಗಿನ ರೈಲು ಹತ್ತಿ ಗಾಂಧಿನಗರ ಸೇರಿದ.

ಅಲ್ಲಿ ಏನೇನು ಮಾಡಿದನೋ ಪೂರ್ತಿ ನಮಗೆ ಗೊತ್ತಿಲ್ಲ. ಕ್ಲಾಪ್ ಬೋರ್ಡು ಹಿಡಿದ, ನಟರ ಛತ್ರಿ ಹಿಡಿದ, ಯಾರೋ ಬರೆದ ಹಾಸ್ಯವನ್ನು ಹೆಸರಿಲ್ಲದೆ ತಿದ್ದಿಕೊಟ್ಟ. ಲಾಡ್ಜಿನ ಒಂದು ಕೋಣೆಯಲ್ಲಿ ನಾಲ್ಕು ಜನ ಸರದಿಯ ಮೇಲೆ ಮಲಗುತ್ತಿದ್ದರಂತೆ. ಹಬ್ಬಕ್ಕೆ ಬಂದಾಗ ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡೇ ಬರುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು. ಸಣಕಲಾಗಿ ಬಂದವನನ್ನು ನೋಡಿ ಅತ್ತೆ, "ಪ್ಯಾಟೆ ನೀರಿಗೆ ಮಗ ಬೆಳ್ಳಗಾಗವ್ನೆ" ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು.

ಮೊದಲ ಸಿನಿಮಾ ಸಿಕ್ಕಾಗ ಅವನಿಗೆ ಮೂವತ್ತು ದಾಟಿತ್ತು. ರಾಮನಗರದ ಹತ್ತಿರ ಶೂಟಿಂಗ್. ಹೀರೋಯಿನ್ನಿನ ಬ್ಲೌಸು ಬಿಗಿಯಾಯಿತೆಂದು ನನಗೆ ಹೇಳಿಕಳಿಸಿದ್ದ. ಸೂಜಿ ದಾರ ಹಿಡಿದುಕೊಂಡು ಹೋದವಳು ನೋಡಿದ್ದೇನು? ದೊಡ್ಡ ಹೆಸರಿನ ಹಾಸ್ಯನಟರೊಬ್ಬರು ಕುರ್ಚಿಯಲ್ಲಿ ಕೂತಿದ್ದಾರೆ. ಭಾವ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅವರ ಕೈಯ ಮೇಲೆ ಟವಲು ಹೊದಿಸಿ, ಒಳಗೆ ಬೆರಳು ಹಿಡಿದಿದ್ದಾನೆ. ನಟರು ಮಾತು ಹೇಳುತ್ತಾ ಹೋದರು. ಇವನು ಒಂದು ಬೆರಳು ಒತ್ತಿದರೆ ಅವರು ನಿಲ್ಲಬೇಕು, ಎರಡು ಒತ್ತಿದರೆ ಎದುರಿನವನನ್ನು ನೋಡಬೇಕು, ಕೈ ಬಿಟ್ಟ ಮೇಲೆ ಮುಂದಿನ ಮಾತು. ಮೊದಮೊದಲು "ಇದೇನಯ್ಯಾ, ನಾನೇನು ಎತ್ತಾ?" ಎಂದು ರೇಗಿದ್ದರಂತೆ. ಆಮೇಲೆ ಅವರೇ "ಟವಲು ತಗೊಂಡ್ಬಾರಯ್ಯ" ಎನ್ನುವ ಹಾಗಾಯಿತು. ಟಾಕೀಸಿನಲ್ಲಿ ಜನ ನಕ್ಕದ್ದು ಆ ನಿಲ್ಲುವ ಜಾಗದಲ್ಲೇ, ಮಾತಿಗಲ್ಲ.

ಎರಡು ಸಿನಿಮಾ ಓಡಿದವು. ಮೂರನೆಯದು, ಫಾರಿನ್ನಿಗೆಲ್ಲ ಹೋಗಿ ತೆಗೆದದ್ದು, ಮಕಾಡೆ ಮಲಗಿತು. ಸೋತ ನಿರ್ದೇಶಕನ ಫೋನನ್ನು ಗಾಂಧಿನಗರದಲ್ಲಿ ಯಾರೂ ಎತ್ತುವುದಿಲ್ಲವಂತೆ. ವರ್ಷಗಟ್ಟಲೆ ಮನೆಯಲ್ಲಿ ಕುಳಿತ. ಕೊನೆಗೆ ಒಬ್ಬ ನಿರ್ಮಾಪಕರು, ಹಳ್ಳಿಯ ಜನ ಬಿದ್ದು ಬಿದ್ದು ನಗುವಂಥ ಒಂದು ಕತೆ ಇದ್ದರೆ ತಾ, ಇಲ್ಲದಿದ್ದರೆ ಇನ್ನು ಬರಬೇಡ ಎಂದರು. ಭಾವ ಊರಿಗೆ ಬಂದ. ಜಗುಲಿಯ ಮೇಲೆ ಅಪ್ಪನ ಪಕ್ಕ ಕುಳಿತು ಹೇಳಿದ: "ಅಪ್ಪ, ದನದ ದಲ್ಲಾಳಿದೊಂದು ಕತೆ ಮಾಡ್ತೀನಿ."

"ಮಾಡು ಮಗ, ನಾಕು ಜನ ನಗ್ಲಿ," ಎಂದರು ಮಾವ.

ಆ ಹಾಸ್ಯನಟರು ಬಂದು ಅತ್ತೆಯ ಮನೆಯಲ್ಲೇ ಉಳಿದುಕೊಂಡರು. ಮಾವ ಟವಲು ಒದರುವುದು, ಒಂದು ಮೊಣಕಾಲು ಎತ್ತಿಟ್ಟು ಕೂರುವುದು, ಎಲೆಯಡಿಕೆ ದವಡೆಗೆ ಒತ್ತಿಕೊಂಡು ಓರೆಗಣ್ಣಿನಲ್ಲಿ ನೋಡುವುದು, ಎಲ್ಲ ಕಲಿತರು. ಮಾವನೇ ಕೈ ಹಿಡಿದು ತಿದ್ದಿಕೊಟ್ಟರು. ಮಾವನ ಅಂಗಿಯನ್ನು ಮಾದರಿಗೆ ಇಟ್ಟುಕೊಂಡು ಅವರಿಗೆ ಅಂಗಿ ಹೊಲಿದವಳು ನಾನು. ಅದನ್ನು ಹಾಕಿಕೊಂಡು ಅವರು ಹಟ್ಟಿಬಾಗಿಲಲ್ಲಿ ನಿಂತಾಗ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟರು. ಆ ದಿನಗಳು ಹಬ್ಬದ ಹಾಗಿದ್ದವು...

ಈಗ ಒಂದು ವಿಷಯ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಮಾವನಿಗೆ ಟವಲಿನಡಿಯಲ್ಲಿ ಬೆಲೆಯದಲ್ಲದ ಇನ್ನೊಂದು ಗುರುತಿತ್ತು. ಅದು ನಮ್ಮಪ್ಪನಿಂದ ನನಗೆ ತಿಳಿದದ್ದು. ಅಪ್ಪ ಒಂದು ಜೊತೆ ಎತ್ತು ಮೆಚ್ಚಿಕೊಂಡಿದ್ದರು. ಮಾವ ಎಲ್ಲರೆದುರು, "ಇಂಥ ಜೊತೆ ತಾಲ್ಲೂಕಲ್ಲೇ ಇಲ್ಲ ಕಣಯ್ಯ" ಎಂದು ಹೊಗಳುತ್ತಾ ಕೈ ಹಿಡಿದರು. ಹಿಡಿದವರು ಒಳಗೆ ಹೆಬ್ಬೆರಳ ಉಗುರನ್ನು ಅಪ್ಪನ ಅಂಗೈಗೆ ಚುರುಕ್ಕೆನ್ನುವಂತೆ ಒತ್ತಿದರು. ಅಂದರೆ ಬೇಡ, ಬಿಟ್ಟುಬಿಡು. ಅಪ್ಪ ಬೆಲೆ ಕುದುರಲಿಲ್ಲ ಎಂದು ಹೇಳಿ ಎದ್ದುಬಂದರು. ಆಮೇಲೆ ನೋಡಿದರೆ ಬಲದೆತ್ತಿಗೆ ಗೊರಸಿನ ರೋಗವಿತ್ತಂತೆ.

ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ನಾನೇ ಮಾವನನ್ನು ಕೇಳಿದ್ದೆ.

"ಮಾರೋನೂ ನಮ್ಮೋನೆ ಅಲ್ವೇನವ್ವಾ? ನೂರು ಜನದ ಮುಂದೆ ಅವನ ಎತ್ತು ಕುಂಟು ಅಂದ್ರೆ ಅವನ ಮಾನ ಹೋಯ್ತದೆ. ಹೇಳ್ದಿದ್ರೆ ಕೊಳ್ಳೋನ ಮನೆ ಹಾಳಾಯ್ತದೆ. ಅದ್ಕೇ ಉಗುರು," ಎಂದಿದ್ದರು.

ಆ ಉಗುರು ತಗುಲಿಸಿಕೊಂಡವರು ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ಜನ. ಒಬ್ಬರೂ ಅದನ್ನು ಮನೆಯಾಚೆ ಆಡಿದವರಲ್ಲ. ಮಾವ ಇರುವ ಕಡೆಗೇ ಜನ ಎತ್ತು ಕೊಳ್ಳಲು ಹೋಗುತ್ತಿದ್ದದ್ದು ಅದಕ್ಕೇ. ಭಾವನಿಗೆ ಇದು ಚಿಕ್ಕಂದಿನಿಂದ ಗೊತ್ತಿತ್ತು.

ಸಿನಿಮಾ ಚನ್ನಪಟ್ಟಣದ ಟಾಕೀಸಿಗೆ ಬಂದಾಗ ಮಾವ ಒಗೆದ ಪಂಚೆ ಉಟ್ಟು, ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಹೊರಟರು. ಭಾವ ಆ ದಿನ ಬೆಂಗಳೂರಿನ ಟಾಕೀಸಿನಲ್ಲಿದ್ದ. ಇಲ್ಲಿ ಟಾಕೀಸಿನವರು ಮಾವನಿಗೆ ಹಾರ ಹಾಕಿ ಬಾಲ್ಕನಿಯ ಮುಂದಿನ ಸಾಲಿನಲ್ಲಿ ಕೂರಿಸಿದರು. ಕೆಳಗಿನವರೆಲ್ಲ ತಿರುಗಿ ತಿರುಗಿ ನೋಡುತ್ತಿದ್ದರು. ಮೊದಲರ್ಧ ಮಾವ ಚೆನ್ನಾಗಿ ನಕ್ಕರು. ತಾವು ಕೂರುವ ರೀತಿ ತೆರೆಯ ಮೇಲೆ ಬಂದಾಗ "ಅಯ್ಯೋ ನನ್ ಮಗ್ನೆ!" ಎಂದು ತೊಡೆ ತಟ್ಟಿಕೊಂಡರು.

ಆಮೇಲೆ ಆ ದೃಶ್ಯ ಬಂತು. ಕ್ಯಾಮೆರಾ ಟವಲಿನ ಒಳಗೆ ಹೋಗಿತ್ತು. ತೆರೆ ತುಂಬ ಎರಡು ದೊಡ್ಡ ಕೈ. ದಲ್ಲಾಳಿ ಹೊರಗೆ ಎತ್ತನ್ನು ಹೊಗಳುತ್ತಾ ಒಳಗೆ ಉಗುರು ಒತ್ತುತ್ತಾನೆ, ಕೊಳ್ಳುವವನು ಹೆದರಿ ಓಡುತ್ತಾನೆ. ಇನ್ನೊಬ್ಬ ಬರುತ್ತಾನೆ, ಉಗುರು, ಅವನೂ ಓಡುತ್ತಾನೆ. ಹೀಗೆ ಎಲ್ಲರನ್ನೂ ಓಡಿಸಿ, ಬಂಗಾರದಂಥ ಎತ್ತುಗಳನ್ನು ದಲ್ಲಾಳಿ ತನ್ನ ಭಾಮೈದನಿಗೆ ಪುಡಿಗಾಸಿಗೆ ಕೊಡಿಸುತ್ತಾನೆ. ಒಬ್ಬೊಬ್ಬನ ಮುಖ ಒಂದೊಂದು ಥರ. ಟಾಕೀಸಿನ ಹಂಚು ಹಾರಿಹೋಗುವ ಹಾಗೆ ಜನ ನಕ್ಕರು. ನಾನು ನಗಲು ಬಾಯಿ ತೆರೆದವಳು ಪಕ್ಕಕ್ಕೆ ನೋಡಿದೆ. ಮಾವ ತಮ್ಮ ಬಲಗೈಯನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

ಕೊನೆಯವರೆಗೂ ಕೂತರು. ಕೈ ಕುಲುಕಲು ಬಂದವರಿಗೆಲ್ಲ ದೂರದಿಂದಲೇ ಕೈ ಮುಗಿದರು. ವಾಪಸು ಬಸ್ಸಿನಲ್ಲಿ ಅತ್ತೆ ಏನೋ ಶುರು ಮಾಡಿದಾಗ, "ಚೆನ್ನಾಗಿ ತೆಗ್ದವ್ನೆ ಸುಮ್ಕಿರು. ಜನ ನಗ್ಲಿಲ್ವಾ?" ಎಂದರು.

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಮುಂದಿನ ಸಂತೆಯಲ್ಲಿ ಹುಡುಗರು ಮಾವನಿಗೆ "ಉಗುರು ಗೌಡ್ರು" ಎಂದು ಹೆಸರಿಟ್ಟರು. ಮಾವ ಅದಕ್ಕೂ ನಕ್ಕರಂತೆ. ಆದರೆ ಆ ದಿನವೇ, ಹೊಸದಾಗಿ ಮದುವೆಯಾಗಿದ್ದ ಒಬ್ಬ ಯುವಕ ತನ್ನ ಕುರಿ ಮಂದೆ ಮಾರಿ ಉಳುಮೆಗೆಂದು ಜೊತೆ ಎತ್ತು ಕೊಳ್ಳಲು ಬಂದಿದ್ದ. ಅವನು ಮೆಚ್ಚಿದ ಜೊತೆಯಲ್ಲಿ ಒಂದಕ್ಕೆ ಮುಂಗಾಲಿನ ಕೀಲಿನಲ್ಲಿ ದೋಷವಿತ್ತು. ಮಾವ ಟವಲಿನಡಿಯಲ್ಲಿ ಉಗುರು ಒತ್ತಿದರು. ಅವನು ಕೈ ಕಿತ್ತುಕೊಂಡು, ನಾಲ್ಕು ಜನಕ್ಕೆ ಕೇಳುವ ಹಾಗೆ, "ಸಿನ್ಮಾ ನೋಡಿವ್ನಿ ಗೌಡ್ರೆ, ಈ ಆಟ ನನ್ ತಾವ ನಡೆಯಕಿಲ್ಲ," ಎಂದ. ಎಲ್ಲರೂ ನಕ್ಕರು. ಮಾವ ಮತ್ತೊಮ್ಮೆ ಕೈ ಚಾಚಿದರು. ಅವನು ಹಟಕ್ಕೆ ಬಿದ್ದು ಕೇಳಿದ ಬೆಲೆಗೇ ಕೊಂಡುಕೊಂಡು ಹೋದ.

ಎರಡನೇ ಉಳುಮೆಗೆ ಎತ್ತು ಕಾಲೂರಲಾರದೆ ಕುಂಟಿತು. ಅವನು ಮಾವನ ಮನೆಗೆ ಬಂದು ಅಂಗಳದಲ್ಲಿ ನಿಂತ. ನಾನು ಆ ದಿನ ಅಲ್ಲೇ ಇದ್ದೆ. ಬೈಯುತ್ತಾನೆ ಅಂದುಕೊಂಡೆವು, ಬೈಯಲಿಲ್ಲ. "ಗೊತ್ತಿತ್ತಲ್ಲ ನಿಮ್ಗೆ... ಬಾಯ್ಬುಟ್ಟು ಒಂದ್ ಮಾತು ಹೇಳಿದ್ರೆ ಏನಾಗ್ತಿತ್ತು?" ಎಂದು ಕೇಳಿ ಅತ್ತುಬಿಟ್ಟ.

ಮಾವ ಅವನ ಕೈಗೆ ನೀರಿನ ಚೊಂಬು ಕೊಟ್ಟರು. ಆವತ್ತು ಟವಲು ಮಡಿಸಿ ಗೂಟಕ್ಕೆ ಹಾಕಿದರು. ಸಂತೆಗೆ ಹೋಗುವುದನ್ನು ಬಿಟ್ಟರು. ಹಿತ್ತಲ ಹಂಡೆ ತಣ್ಣಗಾಯಿತು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಕಿಲ್ಲ," ಎಂದು ಅತ್ತೆ ಕೊಟ್ಟಿಗೆ ಗುಡಿಸುವಾಗಲೆಲ್ಲ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಯಾವಾಗಲೂ ಯಾರಾದರೂ ಇಳಿದುಕೊಂಡಿರುತ್ತಿದ್ದ ಆ ಮನೆಯ ಮುಂದೆ ಹುಲ್ಲು ಹುಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸಿನಿಮಾ ಮಾತ್ರ ಭರ್ಜರಿ ಓಡಿತು. ಭಾವ ಕಾರಿನಲ್ಲಿ, ಗೆದ್ದ ಸಿನಿಮಾದ ಶೀಲ್ಡು ಹಿಡಿದುಕೊಂಡು ಗೌರಿ ಹಬ್ಬಕ್ಕೆ ಬಂದ. ಮಾವ ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿಸಿದರು. "ನೋಡ್ದಾ ಅಪ್ಪ?" ಎಂದು ಕೇಳಿದ. "ನೋಡ್ದೆ ಕಣಪ್ಪ," ಎಂದರು, ಅಷ್ಟೇ. ಗೂಟದಲ್ಲಿ ಟವಲು ಯಾಕಿದೆ ಎಂದು ಅವನು ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕೈ ತೊಳೆಯಲು ಹಿತ್ತಲಿಗೆ ಬಂದವನನ್ನು ಹಿಡಿದು ನಿಲ್ಲಿಸಿ ಎಲ್ಲ ಹೇಳಿದೆ. ಕುಂಟೆತ್ತು, ಆ ಯುವಕ, ಅವನ ಅಳು.

ಭಾವ ಚೊಂಬು ಹಿಡಿದುಕೊಂಡೇ ಒಗೆಯುವ ಕಲ್ಲಿನ ಮೇಲೆ ಕುಳಿತ. ಆಮೇಲೆ, "ನಿಜ ಇದ್ದಂಗೆ ತೋರ್ಸಿದ್ರೆ ಯಾರ್ ನಗ್ತಿದ್ರು ಅಮ್ಮಿ?" ಎಂದ. "ಒಳ್ಳೇವ್ನ ನೋಡಿ ಜನ ಕೈ ಮುಗೀತಾರೆ. ನಗಕಿಲ್ಲ. ನಂಗೆ ಅದೊಂದೇ ಚಾನ್ಸ್ ಇದ್ದಿದ್ದು."

"ನಿಮ್ಮಪ್ಪಂಗೆ ಎಷ್ಟು ಚಾನ್ಸ್ ಐತೆ ಭಾವ?" ಎಂದೆ.

ಮುಂದೆ ಅವನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ಯಾರಿಗೂ ಹೇಳದೆ ಮಾಗಡಿ ಕಡೆಯ ಸಂತೆಗೆ ಹೋಗಿ, ತಾನೇ ಒಂದು ಜೊತೆ ಎತ್ತು ಕೊಂಡು, ಟೆಂಪೋದಲ್ಲಿ ಹೇರಿಕೊಂಡು ಆ ಯುವಕನ ಮನೆ ಮುಂದೆ ಇಳಿಸಿದ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ನೋಡಲು ಚಿತ್ರದಲ್ಲಿ ಬರೆದಂಥ ಜೊತೆ. ನೊಗ ಹೂಡಿದ ತಕ್ಷಣ ಎಡದೆತ್ತು ಮಲಗಿಬಿಟ್ಟಿತು. ಎಬ್ಬಿಸಿದರೆ ಏಳುತ್ತದೆ, ಹೂಡಿದರೆ ಮಲಗುತ್ತದೆ. ಅದನ್ನು ನೋಡಿ ಬಲದೆತ್ತೂ ಕಲಿಯಿತು. ಇಪ್ಪತ್ತು ವರ್ಷ ಸಂತೆಯಲ್ಲಿ ಬೆಳೆದವನು ಆರಿಸಿ ತಂದದ್ದು ಮಲಗುವ ಎತ್ತು!

ಆ ಯುವಕ ಬೇರೆ ದಾರಿ ಕಾಣದೆ ಎತ್ತುಗಳನ್ನು ಹೊಡೆದುಕೊಂಡು ಮಾವನ ಅಂಗಳಕ್ಕೇ ಬಂದ. "ನಿಮ್ ಮಗ ತಂದ್ಕೊಟ್ಟವ್ರೆ ಗೌಡ್ರೆ, ಒಸಿ ನೋಡಿ." ಮಾವ ಜಗುಲಿಯಿಂದ ಇಳಿದು ಬಂದು, ಎಡದೆತ್ತಿನ ಹೆಗಲು ಮುಟ್ಟಿದರು. ಅಷ್ಟಕ್ಕೇ ಅದು ಮೊಣಕಾಲೂರಿ ಮಲಗಿತು. ಮಾವ ಅದನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ಮಗನನ್ನು ನೋಡಿದರು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನಕ್ಕರು. ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಭಾವನೂ ನಕ್ಕ. ನಗುತ್ತಾ ನಗುತ್ತಾ ಅಪ್ಪನ ಕಾಲ ಬಳಿ ಕುಸಿದು ಕುಳಿತ. ಮಾವ ಅವನ ತಲೆಯ ಮೇಲೆ ಕೈಯಿಟ್ಟರು.

ಮುಂದಿನ ಸಂತೆಗೆ ಮಾವ ಆ ಯುವಕನ ಜೊತೆ ಹೋದರು. ಟವಲು ಒಯ್ಯಲಿಲ್ಲ. ಒಂದೊಂದು ಎತ್ತಿನ ಮುಂದೆಯೂ ನಿಂತು, ಇದಕ್ಕೆ ಕಾಲು ಸರಿಯಿಲ್ಲ, ಇದು ಹಾಯುತ್ತದೆ ಎಂದು ನೂರು ಜನರೆದುರು ಬಾಯಿಬಿಟ್ಟೇ ಹೇಳಿದರಂತೆ. ಅವನಿಗೆ ಒಳ್ಳೆಯ ಜೊತೆ ಸಿಕ್ಕಿತು. ಮಾರುವವರು ಮಾತ್ರ, "ಗೌಡ್ರೆ, ನಮ್ ಮಾನ ಕಳೆಯಕ್ಕೆ ಬಂದಿದ್ದೀರಾ?" ಎಂದು ಮುಖ ತಿರುಗಿಸಿದರು. ಜೀವಮಾನವೆಲ್ಲ ಯಾವ ಮಾತು ಬರಬಾರದೆಂದು ಕಾಪಾಡಿಕೊಂಡಿದ್ದರೋ ಅದನ್ನೇ ಕೇಳಿಸಿಕೊಂಡು ಮನೆಗೆ ಬಂದರು. ಅದೇ ಅವರ ಕೊನೆಯ ಸಂತೆ. ಮಗನ ಮೇಲೆ ಸಿಟ್ಟಿರಲಿಲ್ಲ, ಅದು ನನಗೆ ಗೊತ್ತು. ಸಾಯುವವರೆಗೂ ಹಟ್ಟಿ ಬಿಟ್ಟು ಅಷ್ಟಾಗಿ ಹೊರಗೆ ಹೋಗಲಿಲ್ಲ, ಅದೂ ಗೊತ್ತು.

ಅವರು ಹೋದ ಮೇಲೆ ಭಾವನಿಗೆ ಒಂದೇ ಹುಚ್ಚು. ಅಪ್ಪನ ಉಗುರನ್ನು ಇದ್ದದ್ದು ಇದ್ದ ಹಾಗೆ ತೆಗೆಯಬೇಕು. ನಡುವೆ ಬೇರೆಯವರಿಗಾಗಿ ಎರಡು ಮೂರು ಹಾಸ್ಯದ ಸಿನಿಮಾ ಮಾಡಿದ, ಟೀವಿಗೂ ಮಾಡಿದ. ಆದರೆ ಇದರ ಕತೆ ಹೇಳಲು ಹೋದಲ್ಲೆಲ್ಲ ನಿರ್ಮಾಪಕರು ಕೊನೆಯವರೆಗೂ ಕೇಳಿ, "ಇದ್ರಲ್ಲಿ ಕಾಮಿಡಿ ಎಲ್ಲಿ ಸಾರ್?" ಎನ್ನುತ್ತಿದ್ದರಂತೆ. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕುಳಿತು ಪೂರ್ತಿ ಕತೆ ಹೇಳಿದ. ಹೇಳುತ್ತಾ ಎಲ್ಲಾ ಪಾರ್ಟೂ ತಾನೇ ಮಾಡಿದ. ಅಪ್ಪನ ಪಾರ್ಟು ಬಂದಾಗ ಮಾತ್ರ ನಟಿಸಲಿಲ್ಲ, ಸುಮ್ಮನೆ ಕೂತ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

"ನೋಡು, ನೀನೂ ಅತ್ತುಬುಟ್ಟೆ," ಎಂದ. ಅವನ ಮುಖದಲ್ಲಿ ಅಂಥ ಸೋಲನ್ನು ನಾನು ಯಾವತ್ತೂ ನೋಡಿರಲಿಲ್ಲ. "ನಗ್ಸಕ್ಕೆ ಮಾತ್ರ ಬತ್ತದೆ ಕಣಮ್ಮಿ ನಂಗೆ. ಅಪ್ಪ ನಗೋ ಹಂಗೆ ಮಾಡ್ಬೇಕು ಅಂತಿವ್ನಿ... ಆಯ್ತಿಲ್ಲ."

ಅದು ಆಗಲೇ ಇಲ್ಲ. ಎರಡು ವರ್ಷದ ಹಿಂದೆ ಭಾವನೂ ಹೋದ. ಸಕ್ಕರೆ ಕಾಯಿಲೆ, ಆಮೇಲೆ ಕಿಡ್ನಿ. ಟೀವಿಯವರು ಅವನ ಫೋಟೋದ ಪಕ್ಕದಲ್ಲಿ ಇಡೀ ದಿನ ತೋರಿಸಿದ್ದು ಆ ಟವಲಿನ ದೃಶ್ಯವನ್ನೇ. ಕುರಿ ಮಾರಿ ಎತ್ತು ಕೊಂಡಿದ್ದ ಆ ಯುವಕ, ಈಗ ತಲೆ ನರೆತವನು, ಮಣ್ಣಿಗೆ ಬಂದಿದ್ದ. ಈಗ ಅವನ ಮಗ ಬಿಡದಿಯ ಕಾರು ಫ್ಯಾಕ್ಟರಿಗೆ ಹೋಗುತ್ತಾನಂತೆ, ಮನೆಯಲ್ಲಿ ಎತ್ತಿಲ್ಲ, ಬಾಡಿಗೆ ಟ್ರ್ಯಾಕ್ಟರಿನಲ್ಲಿ ಉಳುಮೆ ಮಾಡಿಸುತ್ತಾರಂತೆ. ಉಗುರು ತಗುಲಿಸಿಕೊಂಡ ಹಳಬರೆಲ್ಲ ಹೋದರು, ಅದರ ನಿಜ ಬಲ್ಲವರು ಈಗ ನಾವಿಬ್ಬರೇ ಇರಬೇಕು. ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ದೃಶ್ಯ ಈಗ ಎಲ್ಲರ ಫೋನಿನಲ್ಲೂ ಇದೆ. ಯಾರಾದರೂ ಮೋಸ ಮಾಡಿದರೆ ಅದನ್ನೇ ಕಳಿಸುತ್ತಾರೆ. ಬಟ್ಟೆ ಹೊಲಿಸಲು ಬಂದ ಕಾಲೇಜು ಹುಡುಗಿಯರು ನನಗೇ ತೋರಿಸಿ, "ಆಂಟಿ, ಇದ್ನ ನೋಡಿ" ಎನ್ನುತ್ತಾರೆ. ನೋಡುತ್ತೇನೆ. ನಗು ಬರುತ್ತದೆ. ಎಷ್ಟನೇ ಸಲವಾದರೂ ತಡೆಯಲಾಗುವುದಿಲ್ಲ, ಅಷ್ಟು ಚೆನ್ನಾಗಿ ತೆಗೆದಿದ್ದಾನೆ ನಮ್ಮ ಭಾವ. ಹುಡುಗಿಯರು ಹೋದ ಮೇಲೆ ಕಣ್ಣು ಮುಚ್ಚಿಕೊಂಡು ಮಾವನನ್ನು ನೆನೆಸಿಕೊಳ್ಳಲು ನೋಡುತ್ತೇನೆ... ಜಗುಲಿ ಬರುತ್ತದೆ, ಕಂಬ ಬರುತ್ತದೆ, ಎತ್ತಿಟ್ಟ ಮೊಣಕಾಲು, ನಾನು ಹೊಲಿದ ಅಂಗಿ, ಎಲ್ಲವೂ ಬರುತ್ತದೆ. ಮುಖ ಮಾತ್ರ ಆ ನಟನದು.